ಮೂವತ್ತೊಂದನೆಯ ವಾರ

ವೈಯಾಲಾದ ನಮ್ಮ ಮನೆ ಮುಂದೆ, ಭಾನುವಾರ ಬೆಳಗ್ಗೆ,
ಚೆನ್ನಾಗಿದ್ದ ಚಕ್ರವನ್ನು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದೆ.
ಬೇಲಿಯಾಚೆ ಕ್ಲೆಮ್, ಕೈಯಲ್ಲಿ ಟೀ ಕಪ್ಪು.
"ಏನಾಗಿದೆ ಅದಕ್ಕೆ?"
"ಏನೂ ಆಗಿಲ್ಲ. ಅದಕ್ಕೇ."

ಮೂವತ್ತು ವರ್ಷ ನರ್ಸಾಗಿದ್ದವಳು ನಾನು.
ರಬ್ಬರಿನ ಬೊಂಬೆಯ ಎದೆಯ ಮೇಲೆ ಅಂಗೈ ಊರಿ
ಎಣಿಸಿ ಎಣಿಸಿ ಕಲಿತದ್ದು ಇಷ್ಟೇ:
ಗಾಬರಿಗೆ ತಲೆಯಿಲ್ಲ, ಕೈ ಮಾತ್ರ ಇದೆ.
ಕೈಗೆ ಮೊದಲೇ ಹೇಳಿಕೊಟ್ಟಿರಬೇಕು.

ಕಾರಿನ ಪಾನಾ ಕ್ಯಾರವಾನಿನ ನಟ್ಟಿಗೆ ಕೂರುವುದಿಲ್ಲ
ಎಂದು ಗೊತ್ತಾದದ್ದೂ ಹಾಗೆ, ನಲ್ಲಿ ನೀರಿನ ಪಕ್ಕದಲ್ಲಿ,
ಅಂಗಡಿ ತೆರೆದಿರುವ ಊರಿನಲ್ಲಿ.
ಹಳೆಯ ಜೆಟ್ಟಿ ಕಿತ್ತಾಗ ಸಿಕ್ಕ ಎರಡು ಹಲಗೆಗಳನ್ನು
ಗರಗಸ ಹಾಕಿ ಓರೆಯಾಗಿ ಕೊಯ್ದೆ.
ಇನ್ನೂ ಉಪ್ಪು ವಾಸನೆ.

ಆಮೇಲೆ ಸ್ಟೆಪ್ನಿಯ ಜಗಳ.
ಪಕ್ಕೆಯ ಮೇಲೆ ಉಬ್ಬಿದ ನಾಲ್ಕು ಅಂಕಿ: ಮೂರು ಒಂದು, ಒಂದು ನಾಲ್ಕು.
ಹದಿನಾಲ್ಕನೇ ಇಸವಿ, ಮೂವತ್ತೊಂದನೆಯ ವಾರ,
ರಬ್ಬರಿನ ಜನ್ಮದಿನ.
"ಒಂದು ಗೇಣೂ ಓಡಿಲ್ಲ ಇದು, ಹೊಚ್ಚ ಹೊಸದು," ಅಂದ ಡೂಗಲ್.
ಉಗುರಿನಿಂದ ಬಿರುಕು ತೋರಿಸಿದೆ.
ಬೆನ್ನಿಗೆ ನೇತುಬಿದ್ದು ಬಿಸಿಲು ತಿಂದದ್ದು,
ನೆಲ ಮುಟ್ಟದೆ ಮುದಿಯಾದದ್ದು.
ಅವನು ಮಾತಾಡಲಿಲ್ಲ.
ಕ್ಯಾರವಾನೂ ಅದೇ ವರ್ಷದ್ದು.
ಮುಂದಿನ ಚಳಿಗಾಲಕ್ಕೆ ಹೋಗೋಣ, ಅದರ ಮುಂದಿನದಕ್ಕೆ ಹೋಗೋಣ
ಎಂದು ಶೆಡ್ಡಿನಲ್ಲಿ ನಿಲ್ಲಿಸಿದ್ದವನು ಅವನೇ.
ಹೊಸದು ತಂದೆ. ಹಳೆಯದು ಈಗ ಕ್ಲೆಮ್‌ನ ಮೊಮ್ಮಕ್ಕಳ ಉಯ್ಯಾಲೆ.

ಯಲಾಟಾ ದಾಟಿ ಒಂದು ಗಂಟೆ.
ನನಗೆ ಏನೂ ಗೊತ್ತಾಗಲಿಲ್ಲ, ನಿಜ ಹೇಳುತ್ತೇನೆ.
ಸದ್ದಿಲ್ಲ, ಎಳೆತವಿಲ್ಲ. ಡೂಗಲ್ ಕಿತ್ತಳೆ ಸುಲಿಯುತ್ತಿದ್ದ.
ಎದುರಿನಿಂದ ಮೂರು ಡಬ್ಬಿ ಎಳೆದು ಬಂದ ಲಾರಿಯೊಂದು
ನಮ್ಮನ್ನು ಗಾಳಿಯಲ್ಲಿ ತೂಗಿ ಹೋದ ಮೇಲೆ
ರೇಡಿಯೋ ಗೊರಗುಟ್ಟಿತು:
"ಬಿಳಿ ಕ್ಯಾರವಾನ್, ಎಡಗಡೆ ಹಿಂದೆ ಹೊಗೆ, ಅಮ್ಮಾ."
ಮುಖ ಕಾಣದವನು. ಇನ್ನೂ ಎರಡು ಗುಡ್ಡದಾಚೆಯವರೆಗೆ ಅವನ ಧೂಳು.

ಬದಿಗೆ, ಗಟ್ಟಿ ನೆಲ ಸಿಗುವ ತನಕ, ನಿಧಾನ.
ಟೈರಿನ ಬದಲು ಚಿಂದಿ. ತಂತಿ ಹೊರಗೆ ಬಂದು
ಕರಿ ಕೋಳಿಯ ಪುಕ್ಕ ಕಿತ್ತಂತೆ.
ಬಲಗಡೆ ಚಕ್ರಗಳಿಗೆ ಕಲ್ಲು. ತ್ರಿಕೋನ ದೂರದಲ್ಲಿ.
ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸು,
ಎತ್ತಿದ ಮೇಲೆ ಚಕ್ರ ಸುಮ್ಮನೆ ನಿನ್ನ ಜೊತೆ ಸುತ್ತುತ್ತದೆ.
ಐದು ಬಂದವು. ಆರನೆಯದು ಮೊಂಡು.
ಪಾನಾದ ಹಿಡಿಯ ಮೇಲೆ ನಿಂತೆ,
ಅರವತ್ತೆಂಟು ಕಿಲೋ, ಉಸಿರು ಬಿಗಿಹಿಡಿದು ಕುಣಿದೆ.
ಡೂಗಲ್‌ನ ಭುಜ ಏಳುವುದಿಲ್ಲ, ಬಿದ್ದಾಗಿನಿಂದ.
ಅವನು ಟೋಪಿ ಮಗುಚಿ ಹಿಡಿದ, ನಟ್ಟುಗಳನ್ನು
ಪುಟ್ಟ ಹಕ್ಕಿಮರಿಗಳಂತೆ ಅದರಲ್ಲಿ ಕೂಡಿಟ್ಟ,
ನೊಣಗಳಿಗೆ ಬೈದ, ಎಣಿಸಿದ, ಮತ್ತೆ ಎಣಿಸಿದ.
ಕೀರಲು ಸದ್ದು ಮಾಡಿ ಆರನೆಯದೂ ಬಂತು.

ಆಮೇಲೆ ಜೆಟ್ಟಿಯ ಹಲಗೆ. ಒಂದರ ಮೇಲೊಂದು ಜೋಡಿಸಿ,
ಮುಂದಿನ ಒಳ್ಳೆಯ ಚಕ್ರವನ್ನು ಮೆಲ್ಲಗೆ ಅದರ ಮೇಲೆ ಹತ್ತಿಸಿದೆ.
ಹಿಂದಿನದು ತಾನಾಗಿ ನೆಲ ಬಿಟ್ಟಿತು.
ಜಾಕ್ ಡಬ್ಬಿಯಲ್ಲೇ ಉಳಿಯಿತು.
ಮೀನು ಹಿಡಿಯುವವರು ಎಷ್ಟು ವರ್ಷ ಕೂತಿದ್ದ ಮರವೋ,
ಈಗ ಸಮುದ್ರದಿಂದ ಇಷ್ಟು ದೂರ, ಉಪ್ಪುಪೊದೆಗಳ ನಡುವೆ
ನಮ್ಮ ಮನೆಯನ್ನು, ತಟ್ಟೆ ಲೋಟ ಹಾಸಿಗೆ ಸಮೇತ, ಹೊತ್ತಿತ್ತು.

ಹೊಸದು ಕೂತಿತು. ಒಂದು ನಟ್ಟು, ಅದರ ಎದುರಿನದು,
ಆಮೇಲೆ ಓರೆಗೆ, ಮತ್ತೆ ಎದುರಿಗೆ.
ಅವನು ಟೋಪಿಯಿಂದ ಒಂದೊಂದೇ ಕೊಟ್ಟ,
ಆಪರೇಶನ್ ಕೋಣೆಯಲ್ಲಿ ನಾನು ಕೊಡುತ್ತಿದ್ದಂತೆ.
ನನ್ನ ಕೈ ಚಾಚುವ ಮುಂಚೆಯೇ ಕೊಟ್ಟ.
ಇಪ್ಪತ್ತಾರು ನಿಮಿಷ. ಅಂಗಳದಲ್ಲಿ ಹತ್ತೊಂಬತ್ತಾಗಿತ್ತು.

ಉಳಿದ ಕಿತ್ತಳೆ ತಿಂದೆವು, ಗ್ರೀಸ್ ಕೈಯಲ್ಲೇ.
ಐವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸು ಅಂದೆ.
"ಬಿಗಿ ಆಗಿದೆಯಲ್ಲ, ನಾನೇ ನೋಡಿದೆನಲ್ಲ," ಅಂದ,
ಆದರೂ ಇಳಿದು ಬಂದ, ಟೋಪಿ ಹಿಡಿದೇ.
ಐದು ಅಲುಗಲಿಲ್ಲ.
ಆ ಮೊಂಡು ಆರನೆಯದು
ಕಾಲು ಸುತ್ತು ಕೊಟ್ಟಿತು.